ಮುಚ್ಚಿದ ಕಣ್ಣಿನ ಫೋಟೋ

೫ ಅಕ್ಟೋಬರ್ ೨೦೦೮, ರವಿವಾರ

ಹಾರ್ಡ್ ಡಿಸ್ಕ್ ಕೆಡುವ ಮುಂಚೆ ಸದ್ದು ಮಾಡುತ್ತದೆ ಎಂದು ಪ್ರತಾಪ ಹೇಳಿದಾಗ ನಾನು ನಂಬಿರಲಿಲ್ಲ. ಇವತ್ತು ಬೆಳಿಗ್ಗೆ ಒಂದು ಮದುವೆಯ ಆಲ್ಬಮ್ ಜೋಡಿಸಲು ಕುಳಿತರೆ ಡಿಸ್ಕಿನೊಳಗಿಂದ ಟಕ್, ಟಕ್ ಎಂದು ಶುರುವಾಯಿತು, ಯಾರೋ ಒಳಗಿನಿಂದ ಬಾಗಿಲು ಬಡಿದ ಹಾಗೆ. ವಧು-ವರರು ಅಕ್ಷತೆಯ ತನಕ ಬಂದು ಅಲ್ಲೇ ನಿಂತುಬಿಟ್ಟರು. ಫೋನ್ ಮಾಡಿದರೆ ಪ್ರತಾಪ, "ಮದ್ಲ ಬಂದ್ ಮಾಡ್ರಿ ಮಾಮಾ, ಮತ್ತ ಮುಟ್ಟಬ್ಯಾಡ್ರಿ" ಎಂದ. ಪ್ರತಾಪ ನನ್ನ ಹೆಂಡತಿ ಜಯಾಳ ತಮ್ಮ, ಧಾರವಾಡದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾನೆ.

ಅವನು ಬರುವ ತನಕ ಕೈ ಸುಮ್ಮನಿರಲಿಲ್ಲ, ಈ ಡೈರಿ ತೆಗೆದೆ. ಕಲರ್ ಲ್ಯಾಬಿನವರು ಹೊಸ ವರ್ಷಕ್ಕೆ ಕೊಟ್ಟದ್ದು, ಇಷ್ಟು ತಿಂಗಳು ಖಾಲಿ ಬಿದ್ದಿತ್ತು. ಫೋಟೋಗ್ರಾಫರನಿಗೆ ಬರೆಯುವ ಚಟ ಏಕೆ ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಯಾರಿಗೂ ತೋರಿಸುವುದಿಲ್ಲ.

ಪ್ರತಾಪ ಬಂದು ಡಿಸ್ಕಿಗೆ ಕಿವಿ ಹಚ್ಚಿ ವೈದ್ಯನ ಹಾಗೆ ತಲೆಯಾಡಿಸಿದ. ಹೇಗೋ ಮಾಡಿ ಒಳಗಿದ್ದುದನ್ನು ತನ್ನ ಕಂಪ್ಯೂಟರಿಗೆ ಎಳೆದುಕೊಂಡ. ಆಮೇಲೆ ಉಪದೇಶ ಶುರುವಾಯಿತು.

"ಮಾಮಾ, ಸಿ.ಡಿ. ಒಂದ್ ಕಡೆ, ಡಿಸ್ಕ್ ಒಂದ್ ಕಡೆ, ಹಿಂಗ ಎಷ್ಟ ದಿನ? ನೆಟ್‌ವರ್ಕಿಗೆ ಹಚ್ಚೋ ಡಬ್ಬಿ ಬಂದಾವ. ಒಳಗ ಎರಡು ಡಿಸ್ಕ್. ಒಂದರಾಗ ಬರದಿದ್ದು ತಾನ ಎರಡನೇದಕ್ಕ ಬರೀತೈತಿ. ಒಂದು ಸತ್ರ ಇನ್ನೊಂದು ಇರ್ತೈತಿ. ಸ್ಟುಡಿಯೋದ ಕಂಪ್ಯೂಟರ್, ಒಳಗಿನ ನಿಮ್ಮ ಮಗಳ ಕಂಪ್ಯೂಟರ್, ಎರಡರಿಂದನೂ ನೋಡಬಹುದು."

"ಅಂದ್ರ ಎರಡು ಡಿಸ್ಕ್ ತಗೊಂಡು ಒಂದರ ಜಾಗಾ ಅಷ್ಟ ಸಿಗೋದು?"

"ಹೌದ್ರಿ."

"ಇದ್ಯಾವ ನ್ಯಾಯಲೇ?"

ನಕ್ಕು ಹೋದ. ಅಕ್ಷತೆಯ ತನಕ ಬಂದವರ ಮದುವೆ ಸಂಜೆಗೆ ಪೂರ್ತಿಯಾಯಿತು.

೮ ಅಕ್ಟೋಬರ್, ಬುಧವಾರ. ಖಂಡೇನವಮಿ

ಕ್ಯಾಮೆರಾ, ಫ್ಲ್ಯಾಶು, ಸ್ಟ್ಯಾಂಡು, ಡಾರ್ಕ್ ರೂಮಿನ ಕಾಲದ ಎನ್‌ಲಾರ್ಜರ್, ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂ. ಟಕ್ ಟಕ್ ಡಿಸ್ಕಿಗೂ ಒಂದು ಹೂ ಇಟ್ಟೆ. ದುಡಿದು ಸತ್ತಿದೆ, ಪಾಪ.

ಪೂಜೆ ಮುಗಿಸಿ ಹೋಳಿಗೆ ಬಡಿಸುತ್ತ ಜಯಾ ಕೇಳಿದಳು, "ಆ ಡಬ್ಬಿ ಎಲ್ಲಿ ಇಡಾವ್ರು?"

ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಈ ಮನೆಯ ಮುಂದಿನ ಕೋಣೆಯೇ ನನ್ನ ಸ್ಟುಡಿಯೋ. ರಸ್ತೆಯ ಧೂಳೆಲ್ಲ ಅಲ್ಲಿಗೇ ಬರುತ್ತದೆ. ಡಬ್ಬಿಯನ್ನು ಒಳಗಿನ ಪಡಸಾಲೆಯಲ್ಲಿ, ದೇವರ ಜಗಲಿಯ ಪಕ್ಕದ ಕಪಾಟಿನ ಮೇಲೆ ಇಡಬೇಕೆಂದು ಪ್ರತಾಪ ಹೇಳಿದ್ದ. ಹಾಗೆಂದೆ.

"ಅದ್ರಾಗ ಆ ಫೋಟೋನೂ ಇರ್ತಾವೇನ್ರಿ?"

'ಆ ಫೋಟೋ' ಎಂದರೆ ಸತ್ತವರದು. ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ಆ ಮಾತನ್ನು ಬಾಯಿಂದ ಆಡಿಲ್ಲ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಬದುಕಿರುವ ತನಕ ಒಂದು ಫೋಟೋ ಇಲ್ಲದವರು ಎಷ್ಟೋ ಜನ. ಹೋದ ಮೇಲೆ ಗೋಡೆಗೆ ಬೇಕಾಗುತ್ತದೆ. ಮೀಯಿಸಿ, ಗೋಡೆಗೆ ಆನಿಸಿ ಕೂಡಿಸಿ, ಹೂ ಹಾಕಿ ನನಗೆ ಹೇಳಿ ಕಳಿಸುತ್ತಾರೆ. ನಾನು ಹೋಗಿ ತೆಗೆಯುತ್ತೇನೆ. ಹೊರಡುವಾಗ ಎಲ್ಲರದೂ ಒಂದೇ ಮಾತು: "ಕಣ್ಣು ಬಿಡಿಸಿ ಕೊಡ್ರಿ." ಮೊದಲು ಪ್ರಿಂಟಿನ ಮೇಲೆ ಸಣ್ಣ ಬ್ರಷ್ಷಿನಿಂದ ಬರೆಯುತ್ತಿದ್ದೆ. ಕಂಪ್ಯೂಟರ್ ಬಂದ ಮೇಲೆ ಬೇರೆ ಯಾವುದಾದರೂ ಫೋಟೋದಿಂದ ಕಣ್ಣು ತಂದು ಕೂಡಿಸುತ್ತೇನೆ. ಹುಬ್ಬಳ್ಳಿ-ಧಾರವಾಡದಲ್ಲಿ ನನ್ನ ಹಾಗೆ ಕಣ್ಣು ಬಿಡಿಸುವವರಿಲ್ಲ ಎಂದು ಹೆಸರಿದೆ. ನನಗೂ ಅದರ ಜಂಬವಿದೆ, ಸುಳ್ಳೇಕೆ ಹೇಳಲಿ.

"ನನ್ನ ದುಡಿಮಿ ಅದ. ಅವನ್ನ ಬಿಟ್ಟು ಏನು ಇಡ್ಲಿ?" ಎಂದೆ.

ಹೋಳಿಗೆಯ ಮೇಲೆ ತುಪ್ಪ ಹಾಕುತ್ತ, "ಕಣ್ಣ ಬಿಟ್ಟವ್ರು ಇರ್ಲಿ. ಮುಚ್ಚಿದವ್ರು ಬ್ಯಾಡ. ಹಗಲು ರಾತ್ರಿ ದೀಪ ಮಿಣಮಿಣ ಅನ್ನೂವಂಥಾ ಡಬ್ಬಿ ಅಂತ, ನನ್ನ ದೇವ್ರ ಮಗ್ಗಲಕ್ಕ" ಎಂದಳು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಒಪ್ಪಿಕೊಂಡೆ.

೧೫ ಅಕ್ಟೋಬರ್, ಬುಧವಾರ

ಪ್ರತಾಪನ ಜೊತೆ ಕೊಪ್ಪಿಕರ್ ರಸ್ತೆಗೆ ಹೋಗಿದ್ದೆ. ಮೂರು ಅಂಗಡಿ ತಿರುಗಿದೆವು. ಒಂದು ಡಿಸ್ಕಿನ ಡಬ್ಬಿಯೂ ಇದೆ, ಅಗ್ಗ. ಆದರೆ ಅದು ಹೋದರೆ ಎಲ್ಲವೂ ಹೋಯಿತು. ಎರಡು ಡಿಸ್ಕಿನದನ್ನು ಎರಡು ರೀತಿ ನಡೆಸಬಹುದು. ಎರಡನ್ನೂ ಸೇರಿಸಿ ಒಂದೇ ದೊಡ್ಡ ಜಾಗ ಮಾಡಿಕೊಳ್ಳಬಹುದು, ಇಲ್ಲವೇ ಒಂದಕ್ಕೊಂದು ನಕಲು ಮಾಡಿಸಬಹುದು. ಕೊನೆಯ ಅಂಗಡಿಯವರು ಕಡ್ಡಿ ಮುರಿದ ಹಾಗೆ ಕೇಳಿದರು, "ಜಾಗಾ ಬೇಕೋ, ಜ್ವಾಪಾನ ಬೇಕೋ, ಒಂದು ಹೇಳಿಬಿಡ್ರಿ ಸರ."

ಜಾಗ ಎಂದೆ. ಪ್ರತಾಪ ಜೋಪಾನ ಎಂದ. ಡಿಸ್ಕಿನ ಟಕ್ ಟಕ್ ಇನ್ನೂ ಕಿವಿಯಲ್ಲಿತ್ತು, ಅವನೇ ಗೆದ್ದ.

ಹಾಗಾದರೆ ಎಲ್ಲವನ್ನೂ ತುಂಬಲಾಗದು. ನನ್ನ ಹತ್ತಿರ ಪ್ರತಿ ಕೆಲಸಕ್ಕೂ ಎರಡು ಸಿ.ಡಿ. ಇರುತ್ತವೆ. ಕ್ಯಾಮೆರಾದಿಂದ ಬಂದದ್ದು ಬಂದ ಹಾಗೆಯೇ ಇರುವುದು 'ಕಚ್ಚಾ'. ಕತ್ತರಿಸಿ, ಬಣ್ಣ ತಿದ್ದಿ, ಕಣ್ಣು ಬಿಡಿಸಿ, ಗಿರಾಕಿಗೆ ಕೊಟ್ಟದ್ದು 'ಪಕ್ಕಾ'. ಪಕ್ಕಾ ಅಷ್ಟೇ ಒಳಗೆ ಹೋಗಲಿ. ಅಡುಗೆ ಬಡಿಸಿದ ಮೇಲೆ ಹೆಚ್ಚಿದ ಸಿಪ್ಪೆಯನ್ನು ಯಾರು ಕಾಪಾಡುತ್ತಾರೆ? ಜಯಾಳಿಗೆ ಕೊಟ್ಟ ಮಾತೂ ಉಳಿಯುತ್ತದೆ.

೨೪ ಅಕ್ಟೋಬರ್, ಶುಕ್ರವಾರ

ಪಕ್ಕಾ ಪೂರ್ತಿ ಡಬ್ಬಿ ಸೇರಿತು. ಮುಂದಿನ ಕೋಣೆಯಲ್ಲಿ ಕುಳಿತು ಒಂದು ಹೆಸರು ಒತ್ತಿದರೆ ಒಳಗಿನ ಡಬ್ಬಿಯಿಂದ ಫೋಟೋ ಬಂದು ನಿಲ್ಲುತ್ತದೆ. ಮಗಳು ಗೀತಾಂಜಲಿ ತನ್ನ ಕಂಪ್ಯೂಟರಿನಲ್ಲಿ ತನ್ನ ಚಿಕ್ಕಂದಿನ ಫೋಟೋ ತೆಗೆದು, "ಅಪ್ಪಾ, ನನಗ ಎರಡ ಜಡಿ ಹಾಕಿ ಎಷ್ಟ ಕೆಟ್ಟ ತಗದೀಯಲ್ಲ" ಎಂದು ಕೂಗಿದಳು. ಹತ್ತನೆಯ ಇಯತ್ತೆಗೆ ಬಂದಿದ್ದಾಳೆ, ಎಲ್ಲದರಲ್ಲೂ ತಪ್ಪು ಹುಡುಕುವ ವಯಸ್ಸು.

ಕಚ್ಚಾ ಸಿ.ಡಿ.ಗಳನ್ನು ಎರಡು ರಟ್ಟಿನ ಡಬ್ಬಕ್ಕೆ ತುಂಬಿ ಬಾಗಿಲ ಹತ್ತಿರ ಇಟ್ಟಿದ್ದೆ. ಸಂಜೆ ನನ್ನೂರು ಮುಗದದಿಂದ ಬೀರಪ್ಪ ಬಂದ. ನಾವಿಬ್ಬರೂ ಅಲ್ಲಿ ಒಂದೇ ಶಾಲೆಗೆ ಹೋದವರು, ಅವನು ಹೊಲದಲ್ಲಿ ಉಳಿದ, ನಾನು ಇಲ್ಲಿಗೆ ಬಂದೆ. ಪಾಸ್‌ಬುಕ್ಕಿಗೆ ಫೋಟೋ ಬೇಕಿತ್ತಂತೆ. ಡಬ್ಬ ನೋಡಿ, "ಒಗ್ಯಾವ ಏನು? ನನಗ ಕೊಡು. ದಾರಾ ಕಟ್ಟಿ ಹೊಲದಾಗ ತೂಗು ಹಾಕಿದ್ರ ಬಿಸಲಿಗೆ ಹೊಳೀತಾವು, ಗಿಳಿ ಬರಂಗಿಲ್ಲ" ಎಂದ.

ಕೊಟ್ಟೆ. ಸ್ಕೂಟರಿನ ಮುಂದೆ ಒಂದು, ಹಿಂದೆ ಒಂದು ಕಟ್ಟಿಕೊಂಡು ಹೋದ. ಜಯಾ ಆ ಮೂಲೆಯನ್ನು ಗುಡಿಸಿ ಸಾರಿಸಿದಳು.

೧೯ ನವೆಂಬರ್

ಮದುವೆಯ ಸುಗ್ಗಿ. ಕೂರಲು ಪುರಸೊತ್ತಿಲ್ಲ.

೩೦ ಡಿಸೆಂಬರ್, ಮಂಗಳವಾರ

ಗರಗದಿಂದ ಅಕ್ಕವ್ವ ಎಂಬಾಕೆ ಬಂದಿದ್ದಳು. ಖಾದಿ ಕೇಂದ್ರದಲ್ಲಿ ನೂಲುವವಳು. ಮೊದಲು ಗುರುತು ಸಿಗಲಿಲ್ಲ. ಟವಲಿನಲ್ಲಿ ಸುತ್ತಿದ ಫ್ರೇಮು ಬಿಚ್ಚಿದ ಮೇಲೆ ಸಿಕ್ಕಿತು. ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ಜ್ವರದಿಂದ ತೀರಿಕೊಂಡ ಅವಳ ಮಗಳು ಉಡಚವ್ವ, ಹತ್ತು ವರ್ಷದವಳು. ನಾನೇ ಹೋಗಿ ತೆಗೆದಿದ್ದೆ. ಒಬ್ಬಳೇ ಮಗಳು. ಬೇರೆ ಒಂದು ಫೋಟೋ ಇರಲಿಲ್ಲ. ಶಾಲೆಯ ಫೋಟೋ ತೆಗೆಯುವ ದಿನವೂ ಹುಡುಗಿ ಹೋಗಿರಲಿಲ್ಲವಂತೆ.

ಫ್ರೇಮಿಗೆ ಹುಳ ಹಿಡಿದಿರಬೇಕು, ಬದಲಿಸಲು ತಂದಿದ್ದಾಳೆ ಎಂದುಕೊಂಡೆ.

"ಭಾಳ ಛಂದ ಮಾಡಿ ಕೊಟ್ಟೀರಿ ಅಣ್ಣಾರ. ನೋಡಿದವ್ರೆಲ್ಲ ಇನ್ನೇನ್ ಮಾತಾಡ್ತಾಳ ಅಂತಾರ" ಎಂದಳು.

"ಮತ್ತೇನಾತ್ರಿ?"

"ಇವು ಆಕಿ ಕಣ್ಣಲ್ರಿ."

ನನಗೆ ಸಿಟ್ಟು ಬಂತು. ಬರೆಯಲು ನಾಚಿಕೆಯೇನಿಲ್ಲ, ಬಂತು. "ಕಣ್ಣು ಬಿಡಸಂತ ನೀವ ಹೇಳಿದ್ರಿ. ಮುಚ್ಚಿದ ಕಣ್ಣ ಒಳಗ ಏನಿತ್ತಂತ ನಾ ಹೆಂಗ ನೋಡ್ಲಿ?"

"ನಾನ ಹೇಳೇನ್ರಿ, ತಪ್ಪು ನಿಮ್ದಲ್ಲ" ಎಂದಳು ಅವಳು. ಧ್ವನಿ ಏರಲಿಲ್ಲ. "ಮದ್ಲ ಆಕಿನ್ನ ನೆನಸ್ಕೊಂಡ್ರ ಆಕಿ ಕಣ್ಣ ಬರ್ತಿದ್ವು. ದಿನಾ ಇದನ್ನ ನೋಡಿ ನೋಡಿ ಈಗ ಇವ ಬರಾಕತ್ತಾವು. ನೂಲಕ್ಕೋತ ಕುಂತಾಗ ನೆನಸ್ಕೊಂಡ್ರೂ ಇವ. ನನ್ನ ಮಗಳ ಕಣ್ಣ ಹೆಂಗಿದ್ವು ಅಂತ ನನಗ ಮರತ ಹೊಂಟೈತ್ರಿ."

ಫ್ರೇಮನ್ನು ನನ್ನ ಕಡೆ ತಿರುಗಿಸಿದಳು.

"ನೀವು ಮದ್ಲ ತಗದಿದ್ರಲ್ಲ, ಕಣ್ಣ ಮುಚ್ಚಿದ್ದು, ಅದನ್ನ ಕೊಡ್ರಿ. ಮುಚ್ಚಿದ್ರ ಮುಚ್ಚಿರ್ಲಿ. ಒಳಗ ಆಕೀವ ಇರ್ತಾವಲ್ರಿ."

ಇಷ್ಟು ವರ್ಷದ ಕೆಲಸದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಅವಳಿಗೆ ಬೇಕಾದದ್ದು ಕಚ್ಚಾ. ಬೀರಪ್ಪನ ಸ್ಕೂಟರಿನ ಮೇಲೆ ಹೋದದ್ದು. ಅದನ್ನು ಹೇಳುವ ಧೈರ್ಯ ಬರಲಿಲ್ಲ. "ಹುಡಿಕಿ ಇಡ್ತೇನ್ರಿ" ಎಂದೆ. ಫ್ರೇಮನ್ನು ಮತ್ತೆ ಟವಲಿನಲ್ಲಿ ಸುತ್ತಿಕೊಂಡು ಹೋದಳು. ಅವಳಿಗೊಂದು ಲೋಟ ನೀರು ಕೂಡ ಕೊಡಲಿಲ್ಲ ಎಂದು ಆಮೇಲೆ ಹೊಳೆಯಿತು.

೩೧ ಡಿಸೆಂಬರ್

ಉಡಚವ್ವನ ಪಕ್ಕಾ ಫೋಟೋ ಡಬ್ಬಿಯಿಂದ ತೆರೆದೆ. ದೊಡ್ಡ ಪರದೆಯಲ್ಲಿ ಕಣ್ಣನ್ನೇ ಹಿಗ್ಗಿಸಿ ನೋಡಿದೆ. ಬೆಳಕು ಎಡಗಡೆಯಿಂದ, ಎರಡೂ ಕಣ್ಣಲ್ಲಿ ಕಿಟಕಿಯ ಸಣ್ಣ ಚೌಕ. ನಮ್ಮ ಪಡಸಾಲೆಯ ಕಿಟಕಿ.

ಗೀತಾಂಜಲಿಯ ಕಣ್ಣು.

ಆಗ ಅವಳಿಗೂ ಹೆಚ್ಚು ಕಡಿಮೆ ಅದೇ ವಯಸ್ಸು. ಎರಡು ಜಡೆ ಹಾಕಿದ ಫೋಟೋ ಎದುರಿಗಿತ್ತು, ಬೆಳಕು ಹೊಂದಿತು, ತಂದು ಕೂಡಿಸಿದೆ. ಅಷ್ಟೇ. ಇಂಥವನ್ನು ಎಷ್ಟು ಮಾಡಿದ್ದೇನೆ, ಯಾವುದರ ಕಣ್ಣು ಯಾರದು ಎಂದು ನೆನಪಿಡುತ್ತಾರೆಯೇ? ಆದರೆ ಗರಗದ ಒಂದು ಮನೆಯಲ್ಲಿ ನನ್ನ ಮಗಳ ಕಣ್ಣಿಗೆ ಮೂರು ವರ್ಷದಿಂದ ಮಾಲೆ ಬೀಳುತ್ತಿದೆ. ಮುಚ್ಚಿದ ಕಣ್ಣಿನ ಫೋಟೋವನ್ನೇ ಮನೆಯೊಳಗೆ ಬಿಡದ ಜಯಾಳಿಗೆ ಇದು ತಿಳಿದರೆ ಏನಾದೀತು?

ಒಳಗಿನಿಂದ ಗೀತಾಂಜಲಿ ಬರುವ ಸದ್ದಾಯಿತು. ಫೋಟೋ ಮುಚ್ಚಿದೆ.

೪ ಜನವರಿ ೨೦೦೯, ರವಿವಾರ

ಈ ವರ್ಷದ ಡೈರಿ ಯಾರೂ ಕೊಡಲಿಲ್ಲ. ಹಳೆಯದರ ಜನವರಿ ಹಾಳೆಗಳು ಖಾಲಿ ಇವೆ, ಇಸವಿ ತಿದ್ದಿ ಬರೆಯುತ್ತಿದ್ದೇನೆ.

ಮುಗದಕ್ಕೆ ಹೋಗಿದ್ದೆ. ಗೀತಾಂಜಲಿ ಹಟ ಮಾಡಿ ಸ್ಕೂಟರಿನ ಹಿಂದೆ ಕುಳಿತಳು. ದಾರಿಯಲ್ಲಿ ಯಾರ ಫೋಟೋ ಎಂದು ಕೇಳಿದಳು. ಗರಗದ ಹುಡುಗಿಯದು, ಅವಳ ಅವ್ವನಿಗೆ ಬೇಕು ಎಂದೆ. ಕಣ್ಣಿನ ಮಾತು ಎತ್ತಲಿಲ್ಲ.

ಬೀರಪ್ಪನ ಜೋಳ ತೆನೆಗೆ ಬಂದಿದೆ, ಹಾಲುಗಾಳು. ಊರು ದಾಟಿ ಇಳಿಜಾರಿಗೆ ಬಂದ ಕೂಡಲೇ ಕಂಡಿತು. ಹೊಲದ ತುಂಬ ಬೆಳಕು. ಗೂಟದಿಂದ ಗೂಟಕ್ಕೆ ದಾರ, ದಾರಕ್ಕೆ ಸಿ.ಡಿ., ಗಾಳಿಗೆ ಒಂದೊಂದೂ ತಿರುಗಿ ತಿರುಗಿ ಹೊಳೆಯುತ್ತಿತ್ತು. ಗೀತಾಂಜಲಿ, "ಎಷ್ಟ ಛಂದ ಕಾಣ್ತೈತಿ ಅಪ್ಪಾ" ಎಂದಳು. ಛಂದವಾಗಿಯೇ ಇತ್ತು. ನಾನು ಸ್ಕೂಟರು ನಿಲ್ಲಿಸಿದೆ.

"ನಿನ್ನ ಸಿ.ಡಿ. ಛಲೋ ಕೆಲಸಾ ಮಾಡ್ಯಾವೋ ಶಶಿ" ಎಂದು ಬೀರಪ್ಪ ಎದುರಿಗೆ ಬಂದ. ಬಂದ ಕಾರಣ ಹೇಳಿದೆ. ಅವುಗಳಲ್ಲಿ ಏನೇನಿದೆ ಎಂಬುದನ್ನೂ ಹೇಳಿದೆ. ಅವನ ಮುಖ ಇಳಿಯಿತು. ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಸತ್ತವ್ರನ್ನ ತಂದು ಹೊಲಾ ಕಾಯಾಕ ನಿಲ್ಲಿಸಿದ್ನೇನೋ ನಾನು?"

"ನಿನಗ ಗೊತ್ತಿರಲಿಲ್ಲ."

"ನಿನಗ ಗೊತ್ತಿತ್ತಲ್ಲ" ಎಂದ.

ಮೂವರೂ ಸಾಲು ಹಿಡಿದು ಬಿಚ್ಚುತ್ತ ಹೋದೆವು. ಮೇಲೆ ಪೆನ್ನಿನಲ್ಲಿ ಬರೆದ ಹೆಸರುಗಳನ್ನು ಬಿಸಿಲು ತಿಂದುಹಾಕಿದೆ, ಯಾವುದು ಯಾರದೆಂದು ತಿಳಿಯುವಂತಿಲ್ಲ. ಎಲ್ಲವನ್ನೂ ತರಲೇಬೇಕಾಯಿತು. ಕೆಲವು ನೆಲಕ್ಕೆ ಬಿದ್ದು ಮಣ್ಣಲ್ಲಿ ಹೂತಿದ್ದವು. ಗೀತಾಂಜಲಿ ಬೆರಳಿನಿಂದ ಕೆದರಿ ತೆಗೆದು, ತನ್ನ ಓಢಣಿಯಿಂದ ಒರೆಸಿ ಒರೆಸಿ ಚೀಲಕ್ಕೆ ಹಾಕುತ್ತಿದ್ದಳು. ಬೀರಪ್ಪನ ಜೋಳವನ್ನು ಇನ್ನು ಗಿಳಿ ತಿನ್ನುತ್ತವೆ. ನಾನು ಅದನ್ನು ಹೇಳಿದರೆ, "ತಿನ್ಲಿ ಬಿಡು, ಅವೂ ಜೀವನ" ಎಂದ.

೯ ಜನವರಿ, ಶುಕ್ರವಾರ

ಸಾಬೂನು ನೀರಿನಲ್ಲಿ ತೊಳೆದು, ಮೆತ್ತನೆಯ ಅರಿವೆಯಿಂದ ಒರೆಸಿ, ಒಂದೊಂದಾಗಿ ಹಾಕಿ ನೋಡುತ್ತಿದ್ದೇವೆ. ಪ್ರತಾಪ ಕೆಟ್ಟ ಸಿ.ಡಿ.ಯಿಂದ ಸಿಕ್ಕಷ್ಟನ್ನು ಹೆಕ್ಕುವ ಪ್ರೋಗ್ರಾಮ್ ಹಾಕಿಕೊಟ್ಟಿದ್ದಾನೆ. ಒಂದೊಂದು ಸಿ.ಡಿ.ಗೆ ಅರ್ಧ ದಿನ ಹಿಡಿಯುತ್ತದೆ. ಬಹಳಷ್ಟು ಬಾಯಿಯನ್ನೇ ಬಿಡುವುದಿಲ್ಲ.

ಮುಂದಿನ ಕಂಪ್ಯೂಟರಿನಲ್ಲಿ ನಾನು, ಒಳಗಿನದರಲ್ಲಿ ಗೀತಾಂಜಲಿ. ಬಂದದ್ದೆಲ್ಲ ಡಬ್ಬಿಗೇ ಹೋಗುತ್ತಿದೆ, ಬೇರೆ ಎಲ್ಲಿ ಇಡಲಿ? ಜಯಾ ಒಮ್ಮೆ ಬಂದು ಮಗಳ ಹಿಂದೆ ನಿಂತಳು. ಪರದೆಯ ಮೇಲೆ ಅಮ್ಮಿನಬಾವಿಯ ಒಬ್ಬ ಮುದುಕ, ಕಣ್ಣು ಮುಚ್ಚಿ ಗೋಡೆಗೆ ಆನಿಸಿದ್ದಾನೆ, ಪಕ್ಕದಲ್ಲಿ ಮೊಮ್ಮಗು ಅವನ ಬೆರಳು ಹಿಡಿದಿದೆ. ಬೈಯುತ್ತಾಳೆ ಎಂದುಕೊಂಡೆ. "ಆ ಕೂಸನ್ನ ಯಾಕ ಕತ್ತರಿಸಿದ್ರಿ ನೀವು?" ಎಂದು ಕೇಳಿ ಹೋದಳು. ಪಕ್ಕಾ ಫೋಟೋದಲ್ಲಿ ಕೂಸಿಲ್ಲ. ಚೌಕಟ್ಟಿಗೆ ಹೊಂದಿರಲಿಲ್ಲ, ಕತ್ತರಿಸಿದ್ದೆ.

ಎಷ್ಟೊಂದು ಕತ್ತರಿಸಿದ್ದೇನೆ.

೧೧ ಜನವರಿ

ಇಲ್ಲ.

೧೨ ಜನವರಿ

ಇವತ್ತೂ ಇಲ್ಲ. ಅಕ್ಕವ್ವ ಪಕ್ಕದ ಅಂಗಡಿಯ ಫೋನಿನಿಂದ ಕೇಳಿದಳು. ಹೊಲದ ವಿಷಯ ಹೇಳಿಬಿಟ್ಟೆ. ಬೈಯಲಿ ಎಂದು ಕಾದೆ. "ಸಂಕ್ರಮಣಾ ಆದಮ್ಯಾಲೆ ಮತ್ತ ಫೋನ್ ಮಾಡ್ತೇನ್ರಿ" ಎಂದು ಇಟ್ಟಳು.

೧೩ ಜನವರಿ, ಮಂಗಳವಾರ

ಸಿಕ್ಕಿತು. ಅರ್ಧ.

ಗೀತಾಂಜಲಿಯ ಕಂಪ್ಯೂಟರಿನಲ್ಲಿ ಸಿಕ್ಕಿತು. ಶಾಲೆಗೆ ಹೋಗುವ ಮುಂಚೆ ಹಚ್ಚಿಟ್ಟು ಹೋಗಿದ್ದಳು, ಮಧ್ಯಾಹ್ನ ನಾನು ಹೋಗಿ ನೋಡಿದೆ. ಮೇಲಿನಿಂದ ಮೂಗಿನ ತನಕ ಫೋಟೋ ಇದೆ. ಅದರ ಕೆಳಗೆ ಬರೀ ಬೂದು ಬಣ್ಣ, ಒಂದು ಗೆರೆಯೂ ಇಲ್ಲ. ಕಣ್ಣು ಮುಚ್ಚಿವೆ. ರೆಪ್ಪೆ ಉದ್ದ, ಎಡಗಣ್ಣಿನ ಮೂಲೆಯಲ್ಲಿ ಕಾಡಿಗೆ ಸ್ವಲ್ಪ ಹರಡಿದೆ.

ಹಣೆಯ ಮೇಲೆ ಒಂದು ಕೈ. ತಲೆ ಮುಂದಕ್ಕೆ ಬೀಳಬಾರದೆಂದು ಪಕ್ಕದಿಂದ ಯಾರೋ ಹಿಡಿದ ಅಂಗೈ, ಹಸಿರು ಬಳೆ. ಅಕ್ಕವ್ವನದೇ. ಇದನ್ನು ನಾನು ಪೂರ್ತಿ ಮರೆತಿದ್ದೆ. ಪಕ್ಕಾದಲ್ಲಿ ಕೈ ಅಳಿಸಿ, ಹಣೆ ಬರೆದು, ಕೂದಲು ಬರೆದು, ನಡುವೆ ಬೈತಲೆಯನ್ನೂ ತೆಗೆದಿದ್ದೇನೆ. ಯಾರಿಗೂ ಗೊತ್ತಾಗದಷ್ಟು ಚೆನ್ನಾಗಿ ಅಳಿಸಿದ್ದೇನೆ.

ಕುಳಿತಲ್ಲೇ ಅತ್ತೆ. ಕೆಲಸದ ಫೋಟೋ ನೋಡಿ ಅತ್ತದ್ದು ನೆನಪಿಲ್ಲ.

೨೦ ಜನವರಿ, ಮಂಗಳವಾರ

ಮೇಲಿನ ಓಣಿಯ ಮನೆಯೊಂದರಲ್ಲಿ ಅಜ್ಜಿ ತೀರಿಕೊಂಡರು. ಕರೆದರು, ಹೋಗಿ ತೆಗೆದೆ. ಹೊರಡುವಾಗ ದೊಡ್ಡ ಮಗ ಅದೇ ಮಾತು, "ಕಣ್ಣು ಬಿಡಿಸಿ ಕೊಡ್ರಿ." ಅಜ್ಜಿಯ ಕಣ್ಣು ಹೇಗಿದ್ದವು ಎಂದು ಕೇಳಿದೆ. ಅವನು ಅಣ್ಣತಮ್ಮಂದಿರ ಮುಖ ನೋಡಿದ. ಒಬ್ಬ ಸಣ್ಣವು ಎಂದ, ಒಬ್ಬ ಸ್ವಲ್ಪ ಬೆಕ್ಕಿನ ಕಣ್ಣು ಎಂದ. ಹಾಗೇ ಮಾತು ಬೆಳೆದು, ಅವರು ಅಜ್ಜಿಯ ಬಗ್ಗೆ ಏನೇನೋ ಹೇಳಿಕೊಳ್ಳುತ್ತ ಕುಳಿತರು, ನಾನೂ ಕುಳಿತೆ.

ಸಂಜೆ ಫೋಟೋ ಇದ್ದ ಹಾಗೆಯೇ ಪ್ರಿಂಟ್ ಮಾಡಿ ಕೊಟ್ಟು ಬಂದೆ. ತಲೆನೋವಿತ್ತು, ಕಣ್ಣು ಬಿಡಿಸುವ ಕೆಲಸಕ್ಕೆ ಕೂರಲಾಗಲಿಲ್ಲ. ಅವರೂ ಹಾಗೆಯೇ ತೆಗೆದುಕೊಂಡರು.

೨೬ ಜನವರಿ, ಸೋಮವಾರ

ಪ್ರತಾಪನಿಗೆ ರಜೆ. ಡಬ್ಬಿ ತುಂಬಿ ಬಂದಿದೆ ಎಂದು ಬೈದ. "ಬ್ಯಾಡ ಅಂತ ನೀವ ಹೇಳಿದ್ದ ಕಚ್ಚಾ ಎಲ್ಲಾ ತುಂಬೀರಲ್ಲ ಮಾಮಾ. ಜಾಗಾ ಎಲ್ಲಿಂದ ಬರಬೇಕು?"

"ಪಕ್ಕಾ ತಗದುಬಿಡು, ಅವು ಸಿ.ಡಿ.ಯಾಗ ಅದಾವು. ಪಕ್ಕಾ ಬೇಕಂದ್ರ ಮತ್ತ ಮಾಡಬಹುದು" ಎಂದೆ.

"ಎರಡೂ ಡಿಸ್ಕ್ ಕೂಡಿಸಿ ದೊಡ್ಡದು ಮಾಡ್ಲೇನು? ನೀವ ಅಂದಿದ್ರಿ ಮದ್ಲ."

"ಬ್ಯಾಡ. ನಕಲು ಇರ್ಲಿ. ದೊಡ್ಡ ಡಿಸ್ಕ್ ತಂದು ಬದಲಿ ಮಾಡೋಣು."

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ಏಕೋ ತಿಳಿಯಲಿಲ್ಲ. ಜಾಗವೂ ಬೇಕು, ಜೋಪಾನವೂ ಬೇಕು ಎಂದರೆ ಬೇರೆ ದಾರಿ ಏನಿದೆ? ಲೆಕ್ಕ ತಿಳಿದವರು ಯಾರಾದರೂ ಹೀಗೇ ಹೇಳುತ್ತಿದ್ದರು. ಜಯಾ ಪಾಪ ಡಬ್ಬಿಯ ಮೇಲೆ ಒಂದು ಕಸೂತಿ ಅರಿವೆ ಹಾಕಿದ್ದಾಳೆ, ಧೂಳಿಗೆ.

೧ ಫೆಬ್ರವರಿ, ರವಿವಾರ

ಅಕ್ಕವ್ವ ಬಂದಳು. ಈ ಸಲ ಒಳಗೆ ಕರೆದು ಪಡಸಾಲೆಯಲ್ಲಿ ಕೂರಿಸಿದೆ. ಜಯಾ ನೀರು ತಂದುಕೊಟ್ಟಳು.

ಪ್ರಿಂಟ್ ಕೈಯಲ್ಲಿಟ್ಟೆ. ಅರ್ಧವೇ ಸಿಕ್ಕಿದೆ ಎಂದು ಮೊದಲೇ ಹೇಳಿದ್ದೆ. ಅವಳು ತುಂಬ ಹೊತ್ತು ನೋಡಿದಳು. ಮೊದಲು ಮುಟ್ಟಿದ್ದು ಕಣ್ಣನ್ನಲ್ಲ, ಹಣೆಯ ಮೇಲಿನ ತನ್ನ ಕೈಯನ್ನು.

"ಹಿಡಿದಿದ್ನಲ್ರಿ ನಾನು" ಎಂದಳು. "ಹಿಡಿದಿದ್ದು ಖರೇನೋ, ನನಗ ಅನಸಿದ್ದೋ ಅಂತ ಆಗಿತ್ತು."

ಆಮೇಲೆ ಕಣ್ಣು ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸದ್ದಿಲ್ಲದೆ ಅತ್ತಳು.

"ಅಕ್ಕವ್ವಾರ, ಹಳೇ ಫೋಟೋದಾಗ ಬಾಯಿ, ಗದ್ದಾ ಎಲ್ಲಾ ಆಕೀದ ಅದಾವು. ಕೆಳಗ ಅದನ್ನ ಕೂಡಿಸ್ಲೇನ್ರಿ? ಪೂರ್ತಿ ಆಗ್ತೈತಿ" ಎಂದೆ.

"ಬ್ಯಾಡ್ರಿ ಅಣ್ಣಾರ. ಬಂದಷ್ಟ ಸಾಕು. ಏನೂ ಕೂಡಸಬ್ಯಾಡ್ರಿ."

ಆಗ ಗೀತಾಂಜಲಿ ಚಹಾ ತಂದಳು. ಅಕ್ಕವ್ವ ಕಪ್ಪಿಗೆ ಕೈ ಚಾಚಿದವಳು ಮುಖ ಎತ್ತಿ ಅವಳನ್ನು ನೋಡಿದಳು. ಚಾಚಿದ ಕೈ ಚಾಚಿದಂತೆಯೇ ಇತ್ತು. ಅವಳು ಎದ್ದು ನಿಂತಳು.

"ನಿಂದ್ರ ಯವ್ವಾ" ಎಂದಳು. "ನಿನ್ನ ನಾ ದಿನಾ ನೋಡ್ತೇನಿ."

ಗೀತಾಂಜಲಿ ಏನೂ ತಿಳಿಯದೆ ನನ್ನನ್ನು ನೋಡಿದಳು. ಅಕ್ಕವ್ವನೂ ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಜಯಾ, "ಏನ್ರಿ ಇದು? ಏನಂತಾರ ಅವ್ರು?" ಎಂದಳು. ಹೇಳಿದೆ. ಬಾಗಿಲಿಗೆ ಬೆನ್ನು ಕೊಟ್ಟು ಹೇಳಿದ್ದರಿಂದ ಅವಳ ಮುಖ ನನಗೆ ಕಾಣಲಿಲ್ಲ. "ನನ್ನ ಮಗಳ ಕಣ್ಣಿಗೆ ಮಾಲಿ ಹಾಕ್ಸಿದ್ರೇನ್ರಿ?" ಎಂದ ಧ್ವನಿ ಮಾತ್ರ ಕೇಳಿಸಿತು. ಅಂಥ ಧ್ವನಿಯನ್ನು ನಾನು ಅವಳಿಂದ ಕೇಳಿಲ್ಲ, ಇನ್ನೊಮ್ಮೆ ಕೇಳುವುದೂ ಬೇಡ.

ಅಕ್ಕವ್ವನಿಗೂ ಅದು ಕೇಳಿಸಿತು. ಅವಳು ಗೀತಾಂಜಲಿಯ ಕೈಯಿಂದ ತಟ್ಟೆ ತೆಗೆದು ಕೆಳಗಿಟ್ಟಳು. ಎರಡೂ ಅಂಗೈಯಿಂದ ಅವಳ ಮುಖ ನೀವಿ, ತನ್ನ ಕಪಾಳಕ್ಕೆ ಬೆರಳೊತ್ತಿ ನೆಟಿಗೆ ಮುರಿದಳು. ಎಲ್ಲ ಬೆರಳೂ ಲಟಲಟ ಎಂದವು.

"ನಾ ಅಳೂ ಮುಂದ ಈ ಕಣ್ಣ ನನ್ನ ನೋಡ್ಯಾವು" ಎಂದಳು. "ಒಂದಿನಾನೂ ಆಚೀಕಡೆ ತಿರುಗಿಲ್ಲ."

ಗೀತಾಂಜಲಿ ಅವಳ ಕೈ ಬಿಡಲಿಲ್ಲ. ನಾನು ಕೇಳಿದೆ, "ಆ ಫೋಟೋ ಇಳಸ್ತೀರೇನ್ರಿ ಅಕ್ಕವ್ವಾರ? ಇಳಿಸಿಬಿಡ್ರಿ, ಇದಕ್ಕ ನಾ ಫ್ರೇಮ್ ಹಾಕಿ ಕೊಡ್ತೇನಿ."

"ಯಾಕ ಇಳಸ್ಲಿ?" ಎಂದಳು. ಜಯಾಳ ಕಡೆ ತಿರುಗಿ, ಅವಳಿಗೇ ಹೇಳಿದಳು, "ಮಾಲಿ ಅಷ್ಟ ತಗೀತೇನಿ ತಂಗಿ. ಮನಿಗೆ ಹೋದ ಕೂಡ್ಲೇ ತಗೀತೇನಿ. ಬದುಕಿದ ಹುಡಿಗಿಗೆ ಮಾಲಿ ಹಾಕಬಾರ್ದು."

ಜಯಾ ಒಳಗೆ ಹೋಗಿ ಸೆರಗು ಸರಿ ಮಾಡಿಕೊಂಡು ಬಂದಳು. ಪ್ರಿಂಟನ್ನು ತಾನೇ ಹಿಡಿದುಕೊಂಡು, ಅಕ್ಕವ್ವನನ್ನು ಗರಗದ ಬಸ್ಸಿಗೆ ಕೂರಿಸಿ ಬರಲು ಹೋದಳು.